ತಕ್ಕಡಿಯಣ್ಣ ಕಾದಂಬರಿ ಓದಿದ ಭಾನುವಾರ

ಆ ಭಾನುವಾರ ಬೆಳಿಗ್ಗೆ ತಕ್ಕಡಿಯಣ್ಣ ಕಣ್ಣಿಗೆ ಸೋಪು ಹೋಗಿ ಕುರುಡನಂತೆ ನಲ್ಲಿಗಾಗಿ ತಡಕಾಡುತ್ತಿದ್ದಾಗ, ಬಚ್ಚಲುಮನೆಯ ಗವಾಕ್ಷಿಯಿಂದ ಮಗಳ ದನಿ ಕೇಳಿಸಿತು. ಹಿತ್ತಲಲ್ಲಿ ನಿಂತು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದಳು. ನಲ್ಲಿ ಕೈಗೆ ಸಿಗದೇ ಇದ್ದಿದ್ದರೆ ಅವನಿಗೆ ಪೂರ್ತಿ ಮಾತು ಕೇಳಿಸುತ್ತಿತ್ತು. ಸಿಕ್ಕಿತು, ತಿರುಗಿಸಿದ. ಹಾಗಾಗಿ ಅರ್ಧ ಮಾತು ಕಿವಿಗೆ ಬಿತ್ತು, ಅರ್ಧ ಬಕೆಟ್ಟಿಗೆ ಬಿತ್ತು.

“ಇವತ್ತು ಸಂಜೆ... ನೀರಿನ...” ಸುರ್ರ್. “...ಹಿಂದೆ. ಮೇಲಿನೋರು ಎಲ್ಲಾ ಬರ್ತಾರೆ...” ಸುರ್ರ್. “...ಹೆದರೋ ಮಾತೇ ಇಲ್ಲ. ಒಂದೋ ಅವರು, ಇಲ್ಲಾ ನಾವು.”

ತಕ್ಕಡಿಯಣ್ಣನ ಕೈಯಿಂದ ಸೋಪು ಜಾರಿತು. ಸೋಪಿನ ಮೇಲೆ ಕಾಲಿಟ್ಟು ತಾನೂ ಜಾರಿದ. ಎದ್ದು, ಮೈ ಒರೆಸಿಕೊಂಡು, ಬನಿಯನ್ ಹಿಂದುಮುಂದಾಗಿ ತೊಟ್ಟು ಹೊರಗೆ ಬರುವಷ್ಟರಲ್ಲಿ ಮಗಳು ಹಾಕಿ ಆಟದ ಕೋಲನ್ನು ಸೈಕಲ್ಲಿಗೆ ಕಟ್ಟಿ ಹೊರಟೇಬಿಟ್ಟಿದ್ದಳು.

“ಪುಟ್ಟೀ, ಎಲ್ಲಿಗೇ?”

“ಪ್ರಾಕ್ಟೀಸಿಗಪ್ಪಾ! ಸಂಜೆ ಬರ್ತೀನಿ!”

ಭಾನುವಾರ ಪ್ರಾಕ್ಟೀಸು ಇರುವುದಿಲ್ಲ ಎಂಬುದು ಅವನಿಗೆ ನೆನಪಾದಾಗ ಸೈಕಲ್ಲು ಬೀದಿಯ ತಿರುವು ದಾಟಿತ್ತು.

ತಕ್ಕಡಿಯಣ್ಣನ ನಿಜವಾದ ಹೆಸರು ಅವನ ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಕಾಗದದ ಕಾರ್ಖಾನೆಯ ಬಾಗಿಲಲ್ಲಿ ಲಾರಿಗಳನ್ನು ತೂಗುವುದು ಅವನ ಕೆಲಸ. ಲಾರಿ ತುಂಬಿಕೊಂಡು ಬಂದಾಗ ಒಮ್ಮೆ, ಖಾಲಿಯಾಗಿ ಹೋಗುವಾಗ ಒಮ್ಮೆ. ಕೆಲಸದಿಂದ ಬಂದ ಹೆಸರು ಸ್ವಭಾವಕ್ಕೂ ಅಂಟಿಕೊಂಡಿತ್ತು. ಯಾರು ಏನು ಹೇಳಿದರೂ “ಅದೂ ಸರಿ” ಅನ್ನುವನು. ಅದಕ್ಕೆ ವಿರುದ್ಧವಾಗಿ ಇನ್ನೊಬ್ಬರು ಹೇಳಿದರೆ “ಇದೂ ಸರಿ” ಅನ್ನುವನು. ಯಾರಾದರೂ ಕಾಲು ತುಳಿದರೆ, ಇನ್ನೊಂದು ಕಾಲು ಬಿಟ್ಟದ್ದಕ್ಕೆ ಉಪಕಾರ ನೆನೆಯುವ ಪೈಕಿ.

ಕಾರ್ಖಾನೆಯ ವಸತಿಯಲ್ಲಿ ಎರಡು ಭಾಗ. ದಿಬ್ಬದ ಮೇಲೆ ಅಧಿಕಾರಿಗಳ ಬಂಗಲೆಗಳು, ದಿಬ್ಬದ ಕೆಳಗೆ ಕೆಲಸಗಾರರ ಸಾಲುಮನೆಗಳು. ನಡುವೆ ಒಂದು ಮೈದಾನ, ಮೈದಾನದ ಕೊನೆಗೆ ಒಂದು ದೊಡ್ಡ ನೀರಿನ ಟ್ಯಾಂಕು. ಮೈದಾನ ಎಲ್ಲರದೂ ಎಂದು ಫಲಕದಲ್ಲಿ ಬರೆದಿತ್ತು, ಗೇಟಿನ ಬೀಗದ ಕೈ ಮಾತ್ರ ಮೇಲಿನವರ ಹತ್ತಿರ ಇತ್ತು. ಮೇಲಿನವರಿಗೂ ಕೆಳಗಿನವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ದೊಡ್ಡವರು ಮುಖ ಸಿಂಡರಿಸಿ ಸುಮ್ಮನಾಗುತ್ತಿದ್ದರು. ಮಕ್ಕಳು ಮಾತ್ರ ದಾರಿಯಲ್ಲಿ ಎದುರಾದರೆ ಸೈಕಲ್ಲಿನ ಗಂಟೆಯಲ್ಲೇ ಬೈದುಕೊಳ್ಳುತ್ತಿದ್ದರು.

‘ನೀರಿನ ಹಿಂದೆ’ ಅಂದರೆ ಟ್ಯಾಂಕಿನ ಹಿಂದೆ. ಹೊಡೆದಾಟ! ಹದಿನಾರು ವರ್ಷದ ತನ್ನ ಮಗಳೇ ಪಡೆ ಕಟ್ಟಿದ್ದಾಳೆ! ತಕ್ಕಡಿಯಣ್ಣನ ಎದೆ ಹಳೇ ಲಾರಿಯ ಇಂಜಿನ್ನಿನ ಹಾಗೆ ಬಡಿದುಕೊಂಡಿತು. ಹೆಂಡತಿಗೆ ಹೇಳೋಣವೆಂದರೆ ಅವಳಿಗೆ ಅವತ್ತು ಎರಡು ಪಾಳಿ. ಕಾರ್ಖಾನೆಯಲ್ಲಿ ಕಾಗದದ ಹಾಳೆ ಆರಿಸುವ ಕೆಲಸಕ್ಕೆ ಬೆಳಕು ಹರಿಯುವ ಮುಂಚೆಯೇ ಹೋಗಿದ್ದಳು. ಕೊನೆಗೆ ಪಕ್ಕದ ಮನೆಯ ಬಾಗಿಲು ಬಡಿದ.

ಪಕ್ಕದ ಮನೆಯಲ್ಲಿದ್ದದ್ದು ನರ್ಸಮ್ಮ. ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಎರಡೂ ಕಡೆಯ ಮನೆಗಳಲ್ಲಿ ರಕ್ತದೊತ್ತಡ ನೋಡುವುದು ಅವರೇ. ಯಾರ ಮನೆಯಲ್ಲಿ ಒತ್ತಡ ಕಡಿಮೆ ಇದೆಯೋ ಅಲ್ಲಿ ಸ್ವಲ್ಪ ಏರಿಸಿ ಬರುವುದೂ ಅವರೇ.

ತಕ್ಕಡಿಯಣ್ಣ ತೊದಲುತ್ತ ಎಲ್ಲ ಹೇಳಿದ. ನರ್ಸಮ್ಮ ಅವನ ನಾಡಿ ಹಿಡಿದುಕೊಂಡೇ ಕೇಳಿದರು.

“ನೀನೊಂದು ಕೆಲಸ ಮಾಡು. ಮನೆಗೆ ಹೋಗಿ ಸುಮ್ನೆ ಕೂತ್ಕೋ. ಆ ಹುಡುಗಿ ಏನಾದ್ರೂ ಬಚ್ಚಿಟ್ಟಿದ್ದಾಳಾ ಅಂತ ಹುಡುಕು. ಮಿಕ್ಕಿದ್ದು ನನಗೆ ಬಿಡು.”

“ಯಾರಿಗೂ ಹೇಳಬೇಡಿ ನರ್ಸಮ್ಮ. ಹೆಣ್ಣುಮಗು.”

“ನಾನು ಹೇಳ್ತೀನಾ? ಈ ಹೊಟ್ಟೇಲಿ ಎಷ್ಟು ಗುಟ್ಟು ಇದೆ ಗೊತ್ತಾ? ಲೆಕ್ಕದ ಸಾಹೇಬರಿಗೆ ಮೂಲವ್ಯಾಧಿ ಅಂತ ಇವತ್ತಿನವರೆಗೂ ಒಬ್ಬರಿಗಾದ್ರೂ ಹೇಳಿದೀನಾ?”

“ನಿಮ್ಮ ಉಪಕಾರ ಮರೆಯಲ್ಲ” ಎಂದು ಕೈಮುಗಿದು ಬಂದ ತಕ್ಕಡಿಯಣ್ಣ.

ಮನೆಗೆ ಬಂದವನೇ ಒಳಕೋಣೆ ಜಾಲಾಡಿದ. ಅಮ್ಮ ಮಗಳು ಇಬ್ಬರೂ ಮಲಗುತ್ತಿದ್ದ ಮಂಚದ ಕೆಳಗೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಬೀರುವಿನಲ್ಲಿ ಬಟ್ಟೆ. ಕೊನೆಗೆ ದಿಂಬು ಎತ್ತಿದಾಗ ಒಂದು ಪುಸ್ತಕ ಸಿಕ್ಕಿತು. ಬೆನ್ನು ಮೇಲಾಗಿ ಬೋರಲು ಮಲಗಿತ್ತು. ಹೆಸರು ಅವನೂ ಕೇಳಿದ್ದೇ. ಆ ಕಾದಂಬರಿಯ ಹೆಸರು ಕೇಳದವರು ಯಾರಿದ್ದಾರೆ? ದೊಡ್ಡ ಕೃತಿ, ಅಮರ ಕೃತಿ, ಹರೆಯದವರು ಓದಲೇಬೇಕಾದ ಕೃತಿ ಎಂದು ಎಲ್ಲರೂ ಹೇಳುತ್ತಿದ್ದರು, ಹಾಗೆ ಹೇಳಿದ ಮೇಲೆ ಓದುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ತಕ್ಕಡಿಯಣ್ಣ ಈಚೆಗೆ ಪೂರ್ತಿಯಾಗಿ ಓದಿದ ಏಕೈಕ ಪುಸ್ತಕವೆಂದರೆ ತೂಕದ ಯಂತ್ರದ ಕೈಪಿಡಿ. ಅದರಲ್ಲಿ ಪಾತ್ರಗಳು ಕಡಿಮೆ.

ತೆರೆದಿದ್ದ ಪುಟದ ಮೇಲೆ ಕಣ್ಣಾಡಿಸಿದ. ತಟ್ಟನೆ ನಿಂತುಹೋದ.

‘ಇವತ್ತು ಸಂಜೆ, ನೀರಿನ ಕಾಲುವೆಯ ಹಿಂದೆ. ಗುಡ್ಡದ ಮೇಲಿನವರು ಎಲ್ಲರೂ ಬರುತ್ತಾರೆ. ಹೆದರಬೇಡಿ. ಒಂದೋ ಅವರು ಉಳಿಯಬೇಕು, ಇಲ್ಲವೇ ನಾವು.’

ತಕ್ಕಡಿಯಣ್ಣ ಮಂಚದ ಮೇಲೆ ಕುಸಿದು ಕುಳಿತ. ಮತ್ತೊಮ್ಮೆ ಓದಿದ. ಆಮೇಲೆ ಗಟ್ಟಿಯಾಗಿ ನಕ್ಕ. ಅಯ್ಯೋ ಮಂಕೇ! ಮಗಳು ಗೆಳತಿಗೆ ಫೋನಿನಲ್ಲಿ ಕಾದಂಬರಿ ಓದಿ ಹೇಳುತ್ತಿದ್ದಳು! ಟ್ಯಾಂಕೂ ಇಲ್ಲ, ಹೊಡೆದಾಟವೂ ಇಲ್ಲ. ಪುಸ್ತಕ ಓದುವ ಬಂಗಾರದಂಥ ಮಗು, ಅದರ ಮೇಲೆ ಅನುಮಾನ ಪಟ್ಟೆನಲ್ಲ! ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡ. ಬರೆದ ಪುಣ್ಯಾತ್ಮ ತಣ್ಣಗಿರಲಿ ಅಂದುಕೊಂಡ.

ತಕ್ಷಣ ಹೋಗಿ ನರ್ಸಮ್ಮನಿಗೆ ಹೇಳಿಬಿಡಬೇಕು ಎಂದು ಎದ್ದ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ. ಆಗ ಒಂದು ಯೋಚನೆ ಬಂತು. ಅಲ್ಲ, ಆ ಕಾಲುವೆ ಹಿಂದೆ ಸಂಜೆ ಏನಾಯಿತು? ಗುಡ್ಡದವರು ಬಂದರಾ?

ಒಂದೇ ಒಂದು ಪುಟ ನೋಡಿ ಹೋಗೋಣ ಎಂದು ಕುಳಿತ. ಒಂದು ಪುಟಕ್ಕೆ ಏನೂ ಗೊತ್ತಾಗಲಿಲ್ಲ. ಇದು ಯಾಕೆ ಶುರುವಾಯಿತೆಂದು ತಿಳಿಯದೆ ಕೊನೆ ತಿಳಿದು ಏನು ಪ್ರಯೋಜನ ಎಂದು ಮೊದಲ ಪುಟ ತಿರುಗಿಸಿದ.

ಅಲ್ಲಿಗೆ ತಕ್ಕಡಿಯಣ್ಣ ಮುಗಿದ.

ಕತೆಯಲ್ಲಿ ಒಂದು ಕಾಲುವೆ. ಗುಡ್ಡದ ಬದಿಗೆ ಗಾಜಿನ ಕಿಟಕಿಯ ಮನೆಗಳು, ಇನ್ನೊಂದು ಬದಿಗೆ ತಗಡಿನ ಮನೆಗಳು. ತಗಡಿನ ಮನೆಯ ಹುಡುಗರು ಗುಡ್ಡದವರ ಬಟ್ಟೆ ಒಗೆದು ಕೊಡುವವರು. ಒಬ್ಬ ಹುಡುಗ ತಾನು ಇಸ್ತ್ರಿ ಮಾಡಿದ ಅಂಗಿಯನ್ನೇ ತೊಟ್ಟ ಗುಡ್ಡದ ಹುಡುಗನ ಕೈಯಲ್ಲಿ ಬೈಸಿಕೊಳ್ಳುತ್ತಾನೆ. ಅವನ ತಮ್ಮ, ಎಲ್ಲರೂ ‘ಚಿಕ್ಕೋನು’ ಎಂದು ಕರೆಯುವ ಪೋರ, ಗುಡ್ಡದ ಮನೆಯೊಂದರ ಕಿಟಕಿಯ ಕೆಳಗೆ ನಿಂತು ಯಾರಿಗೂ ಗೊತ್ತಾಗದಂತೆ ಪಿಟೀಲು ಕೇಳುತ್ತಾನೆ. ಆ ಪಿಟೀಲು ಬಾರಿಸುವ ಹುಡುಗನಿಗೆ ಮಾತ್ರ ಗೊತ್ತು. ಅವನು ಕಿಟಕಿ ತೆರೆದೇ ಬಾರಿಸುತ್ತಾನೆ.

ಇದನ್ನೆಲ್ಲ ಓದುತ್ತ ತಕ್ಕಡಿಯಣ್ಣನಿಗೆ ಹಸಿವೆ ಮರೆತುಹೋಯಿತು. ಒಂದು ಕಾಲಲ್ಲಿ ಚಪ್ಪಲಿ ಇರುವುದು ಮರೆತುಹೋಯಿತು. ನರ್ಸಮ್ಮ ಎಂಬ ಹೆಂಗಸು ಭೂಮಿಯ ಮೇಲೆ ಇರುವುದೂ ಮರೆತುಹೋಯಿತು.

ಆದರೆ ನರ್ಸಮ್ಮ ಇದ್ದರು. ಅವರು ಮೊದಲು ಯೂನಿಯನ್ ಅಣ್ಣನ ಮನೆಗೆ ಹೋಗಿ, “ಯಾರಿಗೂ ಹೇಳಬೇಡ” ಎಂದು ಹೇಳಿದರು. ಯೂನಿಯನ್ ಅಣ್ಣ ಕೆಲಸಗಾರರ ಮುಂದಾಳು. ಮೈಕು ಇಲ್ಲದೆಯೂ ಮೈಕಿನಲ್ಲಿ ಮಾತಾಡುವ ಮನುಷ್ಯ. ಅಲ್ಲಿಂದ ದಿಬ್ಬ ಹತ್ತಿ, ಮ್ಯಾನೇಜರರ ಹೆಂಡತಿ ಮೇಡಂ ಅವರ ರಕ್ತದೊತ್ತಡ ನೋಡುತ್ತ, “ನಿಮಗೆ ಅಂತ ಹೇಳ್ತಿದೀನಿ ಮೇಡಂ” ಎಂದು ಅಲ್ಲಿಯೂ ಹೇಳಿದರು. ಬೆಂಕಿಕಡ್ಡಿಯನ್ನು ಎರಡೂ ತುದಿಯಿಂದ ಹಚ್ಚಿದ ಹಾಗಾಯಿತು.

ಮಧ್ಯಾಹ್ನದ ಹೊತ್ತಿಗೆ ಯೂನಿಯನ್ ಅಣ್ಣ ವಿವರ ಕೇಳಲು ತಕ್ಕಡಿಯಣ್ಣನ ಕಿಟಕಿಗೆ ಬಂದ. ಒಳಗೆ ತಕ್ಕಡಿಯಣ್ಣ ತಲೆ ತಗ್ಗಿಸಿ ಕುಳಿತಿದ್ದ. ಪುಸ್ತಕ ತೊಡೆಯ ಮೇಲಿದ್ದದ್ದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಪಾಪ, ಚಿಂತೆಯಲ್ಲಿ ಮುಳುಗಿದ್ದಾನೆ ಅಂದುಕೊಂಡ ಅಣ್ಣ.

“ತಕ್ಕಡೀ, ಮೇಲಿನೋರು ಎಷ್ಟು ಜನ ಇದಾರೆ?”

“ಗುಂಪುಗುಂಪಾಗಿ ಬರ್ತಿದಾರೆ” ಎಂದ ತಕ್ಕಡಿಯಣ್ಣ ಪುಟ ತಿರುಗಿಸುತ್ತ. “ನಮ್ಮೋರು ಬೆರಳೆಣಿಕೆ. ಪಾಪ, ಬರಿಗೈ.”

“ಅವರ ಹತ್ರ ಏನಿದೆ?”

“ದೊಣ್ಣೆ ಇದೆ. ಕಬ್ಬಿಣದ ಸರಳಿದೆ. ಒಬ್ಬನ ಹತ್ರ ಪಿಟೀಲಿದೆ.”

“ಪಿಟೀಲಾ?”

“ಅದೇ ಅಪಾಯ ಕಣೋ” ಎಂದ ತಕ್ಕಡಿಯಣ್ಣ ತಲೆ ಎತ್ತದೆ. “ಅದರಿಂದಲೇ ಸಾವು ಅಂತ ನನಗ್ಯಾಕೋ ಅನ್ನಿಸ್ತಿದೆ.”

ಯೂನಿಯನ್ ಅಣ್ಣ ಮೀಸೆ ಕಚ್ಚಿಕೊಂಡು ಹೊರಟ. ಪಿಟೀಲು ಅಂದರೆ ಯಾವುದೋ ಹೊಸ ಆಯುಧದ ಗುಪ್ತನಾಮ ಎಂದು ಅವನಿಗೆ ಖಾತ್ರಿಯಾಯಿತು. ಸಾಲುಮನೆಯ ಒಂದು ತುದಿಯಲ್ಲಿ ಪಿಟೀಲು ‘ಸಿಡಿಯುವ ವಸ್ತು’ವಾಯಿತು, ಇನ್ನೊಂದು ತುದಿ ಮುಟ್ಟುವಾಗ ಅದಕ್ಕೆ ಹೊಗೆಯೂ ವಾಸನೆಯೂ ಬಂದಿದ್ದವು.

ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದು ಅದೇ ಕಿಟಕಿಯಲ್ಲಿ ಇಣುಕಿದರು. ಈಗ ತಕ್ಕಡಿಯಣ್ಣನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಕಾಲುವೆಯ ಹಿಂದೆ ಹೊಡೆದಾಟ ಶುರುವಾಗಿತ್ತು. ಯಾರೋ ಪಿಟೀಲು ಕಿತ್ತು ನೀರಿಗೆ ಎಸೆದಿದ್ದರು. ಯಾರ ಕಡೆಯೂ ಅಲ್ಲದ ಚಿಕ್ಕೋನು ಅದನ್ನು ಹಿಡಿಯಲು ನೀರಿಗೆ ಹಾರಿದ್ದ.

“ಯಾಕಪ್ಪ, ಏನಾಯ್ತು?”

“ಚಿಕ್ಕೋನು ಉಳಿಯಲ್ಲ ನರ್ಸಮ್ಮ.”

“ಯಾವ ಚಿಕ್ಕೋನು? ಯಾರ ಮನೆಯೋನು?”

“ನಮ್ಮೋನೇ. ಈಜು ಕೂಡ ಬರಲ್ಲ ಅದಕ್ಕೆ” ಎಂದು ಬಿಕ್ಕಿದ.

ನರ್ಸಮ್ಮ ಹೌಹಾರಿ ಓಡಿದರು. ಟ್ಯಾಂಕಿನಲ್ಲಿ ಯಾರನ್ನೋ ಮುಳುಗಿಸುತ್ತಾರಂತೆ ಎಂಬ ಮಾತು ಹುಟ್ಟಿದ್ದು ಆಗ.

ತಕ್ಕಡಿಯಣ್ಣ ತಲೆ ಎತ್ತಿದ್ದು ಅಕ್ಷರ ಕಾಣದೇ ಹೋದಾಗ. ಬಿಸಿಲು ಇಳಿದು ಕೋಣೆ ಮಬ್ಬಾಗಿತ್ತು. ಕೊನೆಯ ಅಧ್ಯಾಯ ಒಂದು ಬಾಕಿ ಇತ್ತು. ದೀಪ ಹಾಕೋಣ ಎಂದು ಎದ್ದರೆ, ಬೀದಿ ಬಿಕೋ ಅನ್ನುತ್ತಿತ್ತು. ಒಂದು ಮನೆಯಲ್ಲೂ ಜನ ಇಲ್ಲ. ದೂರದಲ್ಲಿ, ಮೈದಾನದ ಕಡೆಯಿಂದ, ಸಂತೆಯಂಥ ಗದ್ದಲ.

“ಅಯ್ಯಯ್ಯೋ! ನರ್ಸಮ್ಮ!” ಎಂದು ಹಣೆ ಚಚ್ಚಿಕೊಂಡು, ಒಂದೇ ಚಪ್ಪಲಿಯಲ್ಲಿ, ಪುಸ್ತಕ ಹಿಡಿದು ಓಡಿದ.

ಮೈದಾನದಲ್ಲಿ ನಡೆಯುತ್ತಿದ್ದದ್ದು ಹೀಗೆ. ಕೆಳಗಿನವರು ತಮ್ಮ ಮಕ್ಕಳನ್ನು ಉಳಿಸಿಕೊಳ್ಳಲು ಬಂದಿದ್ದರು. ಮೇಲಿನವರು ತಮ್ಮ ಮಕ್ಕಳನ್ನು ಉಳಿಸಿಕೊಳ್ಳಲು ಬಂದಿದ್ದರು. ಎಲ್ಲರ ಉದ್ದೇಶವೂ ಶಾಂತಿ. ಆದರೂ ಇರಲಿ ಎಂದು ಯಾರೋ ಕೊಡೆ ತಂದಿದ್ದರು, ಯಾರೋ ಪೊರಕೆ ತಂದಿದ್ದರು, ನರ್ಸಮ್ಮ ದೊಡ್ಡ ಸೌಟು ತಂದಿದ್ದರು. ಮಕ್ಕಳು ಮಾತ್ರ ಒಬ್ಬರೂ ಕಾಣುತ್ತಿರಲಿಲ್ಲ. ಟ್ಯಾಂಕಿನ ಹಿಂದೆ ನೋಡೋಣವೆಂದರೆ, ಒಂದು ಕಡೆಯವರು ಹೋಗಲು ಇನ್ನೊಂದು ಕಡೆಯವರು ಬಿಡುತ್ತಿರಲಿಲ್ಲ. ಮಕ್ಕಳಿಲ್ಲದ ಮೇಲೆ ಶಾಂತಿ ಮಾಡಿಸುವುದು ಯಾರಿಗೆ? ಎರಡು ಗುಂಪೂ ಎದುರುಬದುರು ನಿಂತು ದುರುಗುಟ್ಟಿಕೊಂಡು ನೋಡಿದವು.

ಮೇಲಿನವರ ಮುಂದೆ ಲೆಕ್ಕದ ಸಾಹೇಬರು ನಿಂತಿದ್ದರು. ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು, ತಕ್ಕಡಿಯಣ್ಣನ ಮೇಲಧಿಕಾರಿ. ಕೊಡೆಯನ್ನು ಕತ್ತಿಯಂತೆ ಹಿಡಿದಿದ್ದರು.

“ನಮ್ಮ ಮಕ್ಕಳನ್ನ ಎಲ್ಲಿಟ್ಟಿದೀರಿ?” ಎಂದರು.

“ನಾವು ಕೇಳಬೇಕಾದ ಮಾತು ಅದು!” ಎಂದ ಯೂನಿಯನ್ ಅಣ್ಣ. “ಮೊದಲು ಆ ಪಿಟೀಲು ಆಚೆ ತೆಗೀರಿ!”

ಲೆಕ್ಕದ ಸಾಹೇಬರ ಮುಖ ಕೆಂಪೇರಿತು. ಅವರ ಮಗಳು ನಿಜವಾಗಿಯೂ ಪಿಟೀಲು ಕಲಿಯುತ್ತಿದ್ದಳು. “ನನ್ನ ಮಗಳ ಪಿಟೀಲಿನ ಸುದ್ದಿಗೆ ಬಂದ್ರೆ ಹುಷಾರ್!”

“ನೋಡಿದ್ರಾ, ಒಪ್ಕೊಂಡ್ರು!” ಎಂದು ಕೆಳಗಿನವರು ಕೂಗಿದರು.

“ಅದನ್ನ ಕೇಳೋಕೂ ಯೋಗ್ಯತೆ ಬೇಕು ಕಣಯ್ಯಾ!”

“ಬೀಗದ ಕೈ ಇಟ್ಕೊಂಡೋರಿಗೆಲ್ಲಾ ಯೋಗ್ಯತೆ ಬರಲ್ಲ ಸಾಹೇಬ್ರೇ!”

ಆಮೇಲೆ ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ವರ್ಷಗಟ್ಟಲೆ ಮುಖ ಸಿಂಡರಿಸಿ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಒಡೆದ ಕಿಟಕಿ ಗಾಜು, ಬತ್ತಿದ ನಲ್ಲಿ, ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಬಾರದ ಬೆಳಗುಗಳು. ಟ್ಯಾಂಕು ತುಂಬಿ ಹರಿದು ಅಲ್ಲೆಲ್ಲ ಕೆಸರಾಗಿತ್ತು. ಯೂನಿಯನ್ ಅಣ್ಣ ಒಂದು ಹೆಜ್ಜೆ ಮುಂದಿಟ್ಟ, ಜಾರಿದ. ಆಧಾರಕ್ಕೆಂದು ಹಿಡಿದದ್ದು ಲೆಕ್ಕದ ಸಾಹೇಬರ ಬೆಲ್ಟು. ಸಾಹೇಬರು ಆಧಾರಕ್ಕೆಂದು ಹಿಡಿದದ್ದು ನರ್ಸಮ್ಮನ ಜಡೆ. ನರ್ಸಮ್ಮ ಆಧಾರಕ್ಕೆ ಏನನ್ನೂ ಹಿಡಿಯಲಿಲ್ಲ, ಸೌಟಿನಿಂದ ಒಂದು ಬಿಟ್ಟರು. ಅಲ್ಲಿಗೆ ಕುರುಕ್ಷೇತ್ರ ಶುರುವಾಯಿತು. ಪೊರಕೆ ಕೊಡೆಗೆ ತಾಗಿತು, ಕೊಡೆ ಪಟ್ಟನೆ ಬಿಚ್ಚಿಕೊಂಡು ಇಬ್ಬರನ್ನು ಒಟ್ಟಿಗೆ ಕೆಡವಿತು. ಒಬ್ಬ ದೊಡ್ಡ ಅಧಿಕಾರಿ ಬಿದ್ದಲ್ಲಿಂದಲೇ ತನಗೆ ಗೊತ್ತಿದ್ದ ಏಕೈಕ ಬೈಗುಳವನ್ನು ಪದೇಪದೇ ಬಳಸುತ್ತಿದ್ದರು.

“ಕತೆ! ಕತೆ! ಇದೆಲ್ಲಾ ಕತೆ!” ಎಂದು ಕೂಗುತ್ತ ತಕ್ಕಡಿಯಣ್ಣ ನಡುವೆ ನುಗ್ಗಿದ. ಎಡಗಡೆಯಿಂದ ಯೂನಿಯನ್ ಅಣ್ಣನ ಮುಷ್ಟಿ ಬರುತ್ತಿತ್ತು, ಬಲಗಡೆಯಿಂದ ಸಾಹೇಬರ ಕೊಡೆ ಬರುತ್ತಿತ್ತು. ಎರಡೂ ಒಂದೇ ಕ್ಷಣದಲ್ಲಿ ಅವನನ್ನು ಮುಟ್ಟಿದವು. ಜೀವಮಾನದಲ್ಲಿ ಮೊದಲ ಸಲ ಎರಡೂ ಕಡೆಯ ತೂಕ ಸಮನಾಗಿತ್ತು. ಪುಸ್ತಕ ಆಕಾಶಕ್ಕೆ ಹಾರಿತು, ತಕ್ಕಡಿಯಣ್ಣ ಕೆಸರಿಗೆ ಹಾರಿದ.

ಪುಸ್ತಕ ಬಿದ್ದದ್ದು ಮೇಡಂ ಅವರ ಕಾಲ ಬುಡಕ್ಕೆ. ಅವರು ಎತ್ತಿಕೊಂಡು ಕೆಸರು ಒರೆಸಿದರು.

“ಏನಿದು?”

“ಅದೇ ಮೇಡಂ” ಎಂದ ತಕ್ಕಡಿಯಣ್ಣ ಕೆಸರಿನಿಂದ. “ಹೊಡೆದಾಟ ಅದರಲ್ಲಿದೆ. ಪಿಟೀಲೂ ಅದರಲ್ಲೇ ಇದೆ. ಮಗಳು ಓದ್ತಿದ್ದದ್ದನ್ನ ನಾನು ನಿಜ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ಬಂದು ಹೇಳಬೇಕು ಅಂತಿದ್ದೆ. ಓದ್ತಾ... ಕೂತ್ಬಿಟ್ಟೆ.”

ಮೇಡಂ ಪುಟ ಹುಡುಕಿ ಗಟ್ಟಿಯಾಗಿ ಓದಿದರು. ‘ಇವತ್ತು ಸಂಜೆ, ನೀರಿನ ಕಾಲುವೆಯ ಹಿಂದೆ...’ ಎತ್ತಿದ ಕೊಡೆ ಪೊರಕೆಗಳು ಕೆಳಗಿಳಿದವು. ಯೂನಿಯನ್ ಅಣ್ಣ ತನ್ನ ಕೈಯಲ್ಲಿದ್ದ ಬೆಲ್ಟನ್ನು ನೋಡಿಕೊಂಡ. ಸಾಹೇಬರು ಕೈಯಲ್ಲಿದ್ದ ಜಡೆ ಬಿಟ್ಟರು. ಮೊದಲು ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಯಾರೋ ಹೊಟ್ಟೆ ಹಿಡಿದುಕೊಂಡರು. ಇಷ್ಟು ಹೊತ್ತು ತಮ್ಮನ್ನು ನೋಡಿ ತಮಗೇ ಆಗಿದ್ದ ನಾಚಿಕೆಯನ್ನೆಲ್ಲ ಇಳಿಸಲು ಒಂದು ಜಾಗ ಸಿಕ್ಕಿತ್ತು. ಆ ಜಾಗ ಕೆಸರಿನಲ್ಲಿ ಕುಳಿತಿತ್ತು.

“ಈ ತಕ್ಕಡಿ ಒಂದು ಕಾದಂಬರಿ ಓದಿ ಊರನ್ನೇ ಹೊಡೆದಾಡಿಸಿಬಿಟ್ನಲ್ಲಪ್ಪಾ!” ಎಂದು ಲೆಕ್ಕದ ಸಾಹೇಬರು ನೆಲಕ್ಕೆ ಕೈಯೂರಿ ನಕ್ಕರು. ಯೂನಿಯನ್ ಅಣ್ಣ ಅವರ ಕಂಕುಳಿಗೆ ಕೈಹಾಕಿ ಎಬ್ಬಿಸಿದ. ಬೆಲ್ಟನ್ನು ತಾನೇ ತೊಡಿಸಿದ.

ಮೇಡಂ ಕೈಯಿಂದ ಪುಸ್ತಕ ಇಸಿದುಕೊಂಡು ತಕ್ಕಡಿಯಣ್ಣ ಒಬ್ಬನೇ ಮನೆಗೆ ಬಂದು, ಊದಿದ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿ ಕುಳಿತಿದ್ದಾಗ ಮಗಳು ಬಂದಳು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಹಾಕಿ ಕೋಲನ್ನು ಮೂಲೆಗಿಟ್ಟು, ಅಪ್ಪನ ಮುಖ ನೋಡಿ ಹಾಗೇ ನಿಂತಳು.

“ಬಾ ಪುಟ್ಟಿ” ಎಂದ. ಕೆಸರು ಹಿಡಿದ ಪುಸ್ತಕವನ್ನು ಅವಳತ್ತ ಚಾಚಿದ. “ನಿನ್ನ ಪುಸ್ತಕ ಹಾಳು ಮಾಡ್ಬಿಟ್ಟೆ. ನಿನ್ನ ಮೇಲೆ ಸುಮ್ನೆ ಅನುಮಾನ ಪಟ್ಟೆ ಕಣಮ್ಮ.”

ಮಗಳು ಪುಸ್ತಕ ನೋಡಿದಳು, ಅಪ್ಪನನ್ನು ನೋಡಿದಳು.

“ಇದು ನನ್ನದಲ್ಲಪ್ಪಾ. ಅಮ್ಮಂದು. ವಸತಿ ಲೈಬ್ರರಿಯಿಂದ ತಂದಿದ್ದು.”

“ಅಮ್ಮಂದಾ? ನಿಮ್ಮಮ್ಮ ಕಾದಂಬರಿ ಓದ್ತಾಳಾ?”

“ಯಾವಾಗಿಂದಲೋ. ನಾನು ಮಾತ್ರ ಇದನ್ನ ಮುಟ್ಟೇ ಇಲ್ಲ.”

ತಕ್ಕಡಿಯಣ್ಣನ ಕೈಯಿಂದ ಒದ್ದೆ ಬಟ್ಟೆ ಕೆಳಗೆ ಬಿತ್ತು. “ಹಾಗಾದ್ರೆ ಬೆಳಿಗ್ಗೆ ನೀನು ಫೋನಲ್ಲಿ...”

ಮಗಳು ಅವನ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತು ಉಗುರು ಕಚ್ಚಿದಳು.

“ನಿಜಾನೇ ಅಪ್ಪಾ. ಟ್ಯಾಂಕ್ ಹಿಂದೆ. ಮೊನ್ನೆ ನಮ್ಮ ಚೆಂಡು ಅವರ ಕಡೆ ಹೋಯ್ತು. ಲೆಕ್ಕದ ಸಾಹೇಬರ ಮಗಳು ಅದನ್ನ ಕಾಲಲ್ಲಿ ತಳ್ಳಿ, ‘ಮುಟ್ಟಬೇಡ್ರೇ, ಕೆಳಗಿನೋರದು, ಕೈ ತೊಳೀಬೇಕಾಗುತ್ತೆ’ ಅಂದ್ಳು. ಎಲ್ಲರೂ ನಕ್ರು. ನನಗೆ ತಡೆಯೋಕಾಗಲಿಲ್ಲ. ಎಲ್ಲರನ್ನೂ ಸೇರಿಸಿದೆ. ಅವಳೂ ಸೇರಿಸಿದ್ಳು.”

“ಕೈಯಲ್ಲಿ ಏನಿತ್ತು?”

“ಕೋಲಿತ್ತು. ಸೈಕಲ್ ಚೈನಿತ್ತು. ಒಬ್ಬನ ಹತ್ರ ಸರಳಿತ್ತು.”

ತಕ್ಕಡಿಯಣ್ಣ ಬಿದ್ದ ಬಟ್ಟೆ ಎತ್ತಿ ಹಿಂಡಿದ.

“ಶುರು ಮಾಡೋಣ ಅನ್ನೋ ಹೊತ್ತಿಗೆ ಮೈದಾನದಲ್ಲಿ ನೀವೆಲ್ಲಾ ಬಂದ್ಬಿಟ್ರಿ. ಓಡೋಕೆ ದಾರಿ ಇಲ್ಲ. ಟ್ಯಾಂಕಿಗೂ ಗೋಡೆಗೂ ನಡುವೆ ಇಷ್ಟೇ ಇಷ್ಟು ಸಂದಿ. ಅವರೂ ನಾವೂ ಅದರಲ್ಲೇ ತುರುಕ್ಕೊಂಡು ನಿಂತ್ವಿ. ಅವಳ ಕೂದಲು ನನ್ನ ಬಾಯಲ್ಲಿ. ಅಲ್ಲಿಂದ ಎಲ್ಲಾ ನೋಡಿದ್ವಿ. ಯೂನಿಯನ್ ಅಣ್ಣ ‘ಆ ಪಿಟೀಲು ಆಚೆ ತೆಗೀರಿ’ ಅಂದಾಗ ಅವಳು ನಗು ತಡೆಯೋಕೆ ನನ್ನ ತೋಳನ್ನೇ ಕಚ್ಚಿದ್ಳು. ಆಮೇಲೆ...” ಅವಳ ದನಿ ಸಣ್ಣದಾಯಿತು. “ಆಮೇಲೆ ಅವಳಪ್ಪ ‘ಯೋಗ್ಯತೆ ಬೇಕು’ ಅಂದ್ರಲ್ಲ, ಆಗ ಅವಳು ನಗೋದು ನಿಲ್ಲಿಸಿದ್ಳು. ‘ನಾನೂ ಹಿಂಗೇ ಕೇಳಿಸ್ತೀನಾ?’ ಅಂತ ಕೇಳಿದ್ಳು. ನಾನು ಹೂಂ ಅಂದೆ. ಅವಳು ಸಾರಿ ಅಂದ್ಳು. ಸರಳನ್ನ ಅಲ್ಲೇ ಮೋರಿಗೆ ಹಾಕಿದ್ವಿ.”

ತಕ್ಕಡಿಯಣ್ಣನಿಗೆ ನೀರಿನಲ್ಲಿ ಮುಳುಗಿದ ಚಿಕ್ಕೋನು ಕಣ್ಣ ಮುಂದೆ ಬಂದ. ಮಗಳ ಎರಡೂ ಕೈಗಳನ್ನು ಹಿಡಿದು ತಿರುಗಿಸಿ ನೋಡಿದ. ಒಂದು ಗೀರೂ ಇರಲಿಲ್ಲ, ತೋಳಿನ ಮೇಲೆ ಒಂದು ಸಾಲು ಹಲ್ಲಿನ ಗುರುತು ಬಿಟ್ಟರೆ. ಆ ಗುರುತನ್ನು ಬೆರಳಿನಿಂದ ಸವರಿದ. ಬರೆದ ಪುಣ್ಯಾತ್ಮನಿಗೆ, ಅದನ್ನು ಬೋರಲು ಹಾಕಿ ಹೋದ ಹೆಂಡತಿಗೆ, ಗುಟ್ಟು ಉಳಿಯದ ನರ್ಸಮ್ಮನ ಹೊಟ್ಟೆಗೆ, ತನ್ನ ಕಣ್ಣು ಊದಿಸಿದ ಮುಷ್ಟಿಗೆ, ಎಲ್ಲಕ್ಕೂ ಮನಸ್ಸಿನಲ್ಲೇ ಅಡ್ಡಬಿದ್ದ.

ಮರುಕ್ಷಣ ದಡಕ್ಕನೆ ಎದ್ದ. “ಅಂದ್ರೆ ನಾನು ದಡ್ಡ ಅಲ್ಲ! ನಾನು ಕೇಳಿಸ್ಕೊಂಡಿದ್ದು ಸರೀನೇ! ಈಗಲೇ ಹೋಗಿ ಎಲ್ಲರಿಗೂ...”

“ಅಪ್ಪಾ, ಬೇಡ.” ಮಗಳು ಅವನ ಅಂಗಿ ಹಿಡಿದಳು. “ಹೇಳಿದ್ರೆ ಮತ್ತೆ ಶುರುವಾಗುತ್ತೆ. ಅವಳಪ್ಪ ಅವಳನ್ನ ಮನೆಯಿಂದ ಆಚೆ ಬಿಡಲ್ಲ. ನಾಳೆ ನಾವಿಬ್ರೂ ಒಟ್ಟಿಗೆ ಆಡೋಣ ಅಂತ ಮಾತಾಡ್ಕೊಂಡಿದೀವಿ.”

ತಕ್ಕಡಿಯಣ್ಣ ನಿಂತ. ಬಾಗಿಲು ನೋಡಿದ, ಮಗಳ ಮುಖ ನೋಡಿದ. ಈ ಸಲ ಯಾವ ಕಡೆ ಭಾರ ಎಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಮೆಲ್ಲಗೆ ಕುಳಿತುಕೊಂಡ.

ಅಷ್ಟರಲ್ಲಿ ಹೆಂಡತಿ ಪಾಳಿ ಮುಗಿಸಿ ಬಂದಳು. ಕಾರ್ಖಾನೆಯ ಬಾಗಿಲಿನಿಂದ ಮನೆಯವರೆಗೆ ಎಲ್ಲರೂ ಅವಳಿಗೆ ಸುದ್ದಿ ಹೇಳಿ ನಕ್ಕು ಕಳಿಸಿದ್ದರು.

“ಏನ್ರೀ ಇದು? ಒಂದಿನ ಮನೇಲಿ ಬಿಟ್ಟುಹೋದ್ರೆ... ಅಯ್ಯೋ, ನನ್ನ ಪುಸ್ತಕ!” ಅದನ್ನು ಕಿತ್ತುಕೊಂಡು ಸೆರಗಿನಿಂದ ಒರೆಸಿದಳು. ಸ್ವಲ್ಪ ತಣ್ಣಗಾದ ಮೇಲೆ ಕುತೂಹಲ ತಡೆಯಲಾಗದೆ ಕೇಳಿದಳು. “ನಿಜವಾಗ್ಲೂ ಓದಿದ್ರಾ?”

“ಓದಿದೆ ಕಣೇ. ಎಂಥ ಕತೆ! ಆ ಚಿಕ್ಕೋನು ಪಿಟೀಲು ಹಿಡಿಯೋಕೆ ನೀರಿಗೆ ಹಾರಿ ಹೋಗ್ಬಿಟ್ನಲ್ಲ...”

“ಹೇಳಬೇಡೀ! ನಾನಿನ್ನೂ ಅಲ್ಲಿಗೆ ಬಂದಿಲ್ಲಾ!” ಎಂದು ಹೆಂಡತಿ ಕಿವಿ ಮುಚ್ಚಿಕೊಂಡಳು. ತಡವಾಗಿತ್ತು.

ಬಾಗಿಲು ಬಡಿದ ಸದ್ದಾಯಿತು. ನರ್ಸಮ್ಮ ಮುಲಾಮು ಹಿಡಿದು ನಿಂತಿದ್ದರು. ಅವರ ಹಿಂದೆ ಯೂನಿಯನ್ ಅಣ್ಣ, ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ಲೆಕ್ಕದ ಸಾಹೇಬರು. ಸಾಹೇಬರು ಸಾಲುಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

“ನೋಡಯ್ಯಾ” ಎಂದರು ಸಾಹೇಬರು. “ಮೈದಾನದಲ್ಲೇ ನಿಂತು ಎರಡೂ ಕಡೆಯೋರು ಮಾತಾಡಿದ್ವಿ. ಗೇಟಿಗೆ ಇನ್ಮೇಲೆ ಬೀಗ ಹಾಕಲ್ಲ.”

“ತುಂಬಾ ಉಪಕಾರ ಸರ್!”

“ತಡಿ, ಇನ್ನೊಂದಿದೆ” ಎಂದ ಯೂನಿಯನ್ ಅಣ್ಣ. “ಲೈಬ್ರರಿಯಿಂದ ಇನ್ಮೇಲೆ ಈ ಮನೆಗೆ ಕಾದಂಬರಿ ಕೊಡಬಾರದು ಅಂತ ತೀರ್ಮಾನ ಆಗಿದೆ. ಒಬ್ಬರೂ ಬೇಡ ಅನ್ನಲಿಲ್ಲ ಕಣೋ. ಈ ವಸತಿ ಹುಟ್ಟಿದ ಮೇಲೆ ಇಷ್ಟು ಒಮ್ಮತ ಆಗಿದ್ದು ಇದೇ ಮೊದಲು. ಅದನ್ನ ಈಗಲೇ ಕೊಟ್ಬಿಡು.”

ಹೆಂಡತಿ ಗಂಡನನ್ನು ಸುಡುವಂತೆ ನೋಡಿದಳು. ಮಗಳು ಬಾಯಿ ತೆರೆದಳು. ತಕ್ಕಡಿಯಣ್ಣ ಹಿಂದಿನಿಂದ ಅವಳ ಕೈ ಅದುಮಿದ. ಹೆಂಡತಿಯ ತೆಕ್ಕೆಯಿಂದ ಪುಸ್ತಕ ಬಿಡಿಸಿ ಎರಡೂ ಕೈಯಲ್ಲಿ ಕೊಟ್ಟ.

“ಒಳ್ಳೇ ತೀರ್ಮಾನ ಸರ್. ನನಗೆ ಕತೆ ಯಾವುದು, ನಿಜ ಯಾವುದು ಗೊತ್ತಾಗಲ್ಲ.”

ಸಾಹೇಬರು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಮೆಟ್ಟಿಲ ಮೇಲೆ ನಿಂತು ತಿರುಗಿದರು.

“ಅಂದಹಾಗೆ, ಕೊನೇಲಿ ಏನಾಗುತ್ತಯ್ಯಾ? ಆ ಮಕ್ಕಳು ಒಂದಾಗ್ತಾರಾ?”

“ಗೊತ್ತಿಲ್ಲ ಸರ್. ಕೊನೇ ಅಧ್ಯಾಯ ಓದೋಕಾಗಲಿಲ್ಲ.”

“ಒಂದಾಗಲ್ಲ ಬಿಡು” ಎಂದರು ಸಾಹೇಬರು ತಿಳಿದವರ ಗತ್ತಿನಲ್ಲಿ. “ಹಾಗೆಲ್ಲಾ ಆಗೋದು ಬರೀ ಕತೇಲಿ.”

ತಾವು ಏನು ಹೇಳಿದೆವೆಂದು ಹೊಳೆದು ಅವರೇ ಗೊಳ್ಳೆಂದು ನಕ್ಕರು. ನರ್ಸಮ್ಮ ನಕ್ಕರು, ಯೂನಿಯನ್ ಅಣ್ಣ ನಕ್ಕ. ತಕ್ಕಡಿಯಣ್ಣ ಎಲ್ಲರಿಗಿಂತ ಗಟ್ಟಿಯಾಗಿ, ಊದಿದ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಪಾಪ, ತನ್ನನ್ನು ನೋಡಿ ತಾನೇ ನಗುವಷ್ಟು ಒಳ್ಳೆಯ ದಡ್ಡ ಎಂದು ಮಾತಾಡಿಕೊಳ್ಳುತ್ತ ಅವರು ಬೀದಿಗಿಳಿದರು.